ಗಾಳಿಗೆ ಹೋದ ಮಣಿ

"ಸಕ್ಕರೆ ಅಂದ್ರೆ ಆರು ಮಣಿಯ ಸರ ಅಂತ ತಿಳ್ಕೊಳ್ಳಿ. ಮೊಸರು ಮಾಡೋ ಒಳ್ಳೆ ಬ್ಯಾಕ್ಟೀರಿಯಾ ಇದೆಯಲ್ಲ, ಅದು ಸರಿಯಾಗಿ ಮಧ್ಯಕ್ಕೆ ಕತ್ತರಿ ಹಾಕುತ್ತೆ. ಈ ಕಡೆ ಮೂರು, ಆ ಕಡೆ ಮೂರು. ಎರಡು ತುಂಡೂ ಹುಳಿಯಾಗುತ್ತೆ, ಅಲ್ಲಿಗೆ ಮುಗೀತು. ಇನ್ನೊಂದು ಜಾತಿಯದರ ದಾರಿನೇ ಬೇರೆ. ಮೊದಲು ಒಂದು ಮಣಿ ಕಿತ್ತು ಗಾಳಿಗೆ ಬಿಡುತ್ತೆ. ಉಳಿದ ಐದನ್ನ ಮೂರು, ಎರಡು ಅಂತ ಮುರಿಯುತ್ತೆ. ಮೂರರದ್ದು ಹುಳಿ, ಎರಡರದ್ದು ಹೆಂಡದ ವಾಸನೆ. ತಿನ್ನೋದು ಅದೇ ಸಕ್ಕರೆ, ಹುಳಿ ಎರಡೂ ಮಾಡ್ತವೆ. ಹುಳಿ ನೋಡಿ ಕಳ್ಳರನ್ನ ಹಿಡೀತೀನಿ ಅಂದ್ರೆ ಊರೆಲ್ಲ ಕಳ್ಳರೇ. ಹಿಡೀಬೇಕಾದ್ದು ಗಾಳಿಗೆ ಹೋದ ಆ ಒಂದು ಮಣೀನ. ಟ್ಯೂಬು ತೊಳೆಯೋ ನನಗೆ ಗೊತ್ತಿರೋದು ಕುರ್ಚಿ ಮೇಲೆ ಕೂತ ನಿಮಗೆ ಗೊತ್ತಿಲ್ವಾ, ಸಾಹೇಬ್ರೆ?"

ಇಷ್ಟನ್ನೂ ಗಾಜಕ್ಕ ಮ್ಯಾನೇಜರನ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು. ಒಂದು ಕೈಯಲ್ಲಿ ಟ್ಯೂಬುಗಳ ಸ್ಟ್ಯಾಂಡು, ಇನ್ನೊಂದರಲ್ಲಿ ಉಜ್ಜುವ ಬ್ರಷ್ಷು. ಬ್ರಷ್ಷಿನ ನೀರು ಅವನ ಕಾಗದಗಳ ಮೇಲೆ ತೊಟ್ಟಿಕ್ಕುತ್ತಿತ್ತು.

ಮೊಸರು ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಗಾಜು ತೊಳೆಯುವವಳು. ಓದಿದ್ದು ನಾಲ್ಕನೇ ತರಗತಿ. ಸರದ ವಿಷಯವನ್ನು ಹಳೆಯ ಕೆಮಿಸ್ಟ್ ಮೇಡಂ ತಮ್ಮ ಕೊರಳ ಮಣಿಗಳನ್ನೇ ಹಿಡಿದು ಕಲಿಸಿದ್ದರು. ನೇರಳೆ ಬಣ್ಣದ ಸಕ್ಕರೆ ನೀರು ತುಂಬಿದ ಟ್ಯೂಬಿನೊಳಗೆ ಬೆರಳ ಗೆಣ್ಣಿನಷ್ಟು ಚಿಕ್ಕ ಟ್ಯೂಬೊಂದು ಬೋರಲಾಗಿ ನಿಂತಿರುತ್ತದೆ. ಹುಳಿಯಾದರೆ ನೀರು ಹಳದಿಗೆ ತಿರುಗುತ್ತದೆ. ಗಾಳಿ ಹುಟ್ಟಿದರೆ ಚಿಕ್ಕ ಟ್ಯೂಬಿನ ತಲೆಯಲ್ಲಿ ಗುಳ್ಳೆ ನಿಲ್ಲುತ್ತದೆ. ಮೇಡಂ ನಿವೃತ್ತರಾದ ಮೇಲೆ ಬಂದ ಹೊಸ ಕೆಮಿಸ್ಟ್ ಬಣ್ಣ ನೋಡಿ ಬರೆದುಕೊಳ್ಳುತ್ತಿದ್ದ. ಬಗ್ಗಿ ಗುಳ್ಳೆ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಹಿಂದಿನ ವಾರ ಎರಡನೇ ಯಂತ್ರದ ಮೊಸರಿನ ಕಪ್ಪುಗಳೆಲ್ಲ ಒಳಗೆ ಗಾಳಿ ತುಂಬಿ ಮುಚ್ಚಳ ಉಬ್ಬಿಸಿಕೊಂಡು ಅಂಗಡಿಗಳಿಂದ ವಾಪಸಾಗಿದ್ದವು. ಆ ಯಂತ್ರದಲ್ಲಿ ಮುಚ್ಚಳ ಹಾಕುತ್ತಿದ್ದವಳು ಗಾಜಕ್ಕನ ವಾರಗಿತ್ತಿ. ಕೆಮಿಸ್ಟ್ ಅವಳ ಅಂಗೈಯನ್ನು ಹತ್ತಿಯಲ್ಲಿ ಒರೆಸಿ ಟ್ಯೂಬಿಗೆ ಅದ್ದಿದ. ಎರಡು ದಿನಕ್ಕೆ ಹಳದಿ. ಅಷ್ಟೇ ಸಾಕಾಯಿತು; ಅವಳನ್ನು ಮನೆಗೆ ಕಳಿಸಿ, ಕೈ ತೊಳೆಯುವ ತೊಟ್ಟಿಯ ಮೇಲೆ ಚೀಟಿ ಅಂಟಿಸಿದರು: ಎರಡನೇ ಯಂತ್ರದ ಹೆಂಗಸಿನ ಕೊಳಕು ಕೈಯಿಂದ ಮಾಲು ಕೆಟ್ಟಿದೆ.

ವಾರಗಿತ್ತಿಯರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಒಂದೇ ಅಡುಗೆಮನೆ, ದಿನಕ್ಕೊಂದು ಜಗಳ. ಹೆಚ್ಚಿನವು ಕುಕ್ಕರಿನ ಸೀಳಿದ ರಬ್ಬರಿನ ಬಗ್ಗೆ. ಆದರೆ ಆ ಸಂಜೆ ವಾರಗಿತ್ತಿ ಕೊಟ್ಟ ನೀರಿನ ಲೋಟವನ್ನು ಅತ್ತೆ ಬಾಯಿಗಿಡದೆ ಪಕ್ಕಕ್ಕೆ ಸರಿಸಿದರು. ಅವಳು ಎದ್ದು ಹೋಗಿ ಬಟ್ಟೆ ಸೋಪಿನಲ್ಲಿ ಅಂಗೈ ಕೆಂಪಾಗುವವರೆಗೆ ಕೈ ಉಜ್ಜಿದಳು. ಗಾಜಕ್ಕನ ಮೈ ಉರಿದುಹೋಯಿತು. ಇವಳನ್ನು ಬೈಯುವುದಾದರೆ ತಾನು ಬೈಯಬೇಕು, ದಾರಿಹೋಕರೆಲ್ಲ ಬೈಯುವುದಕ್ಕೆ ಇವಳೇನು ಬಿಟ್ಟಿ ಬಿದ್ದಿದ್ದಾಳೆಯೇ? ಅದೇ ಸಿಟ್ಟಿನಲ್ಲಿ ಕುಕ್ಕರ್ ತೊಳೆಯುವಾಗ, ಎಷ್ಟು ತಿಕ್ಕಿದರೂ ರಬ್ಬರಿನ ಸೀಳಿನೊಳಗೆ ಉಳಿಯುವ ಜಿಡ್ಡು ಅವಳ ಕಣ್ಣಿಗೆ ಬಿತ್ತು.

ಮರುದಿನ ಅವಳು ಫಿಟ್ಟರನಿಂದ ಎರಡನೇ ಯಂತ್ರದ ಹಾಲಿನ ಪೈಪು ಬಿಚ್ಚಿಸಿದಳು. ಒಳಗಿನ ರಬ್ಬರ್ ಬಳೆ ಸೀಳಿತ್ತು. ಬದಲಾಯಿಸಿ ಎಂದು ಮೂರು ಸಲ ಹೇಳಿದ್ದೆ ಎಂದು ಫಿಟ್ಟರ್ ಗೊಣಗಿದ. ಅವಳು ಆ ಸೀಳನ್ನು ಹತ್ತಿಯಲ್ಲಿ ಒರೆಸಿ ಟ್ಯೂಬಿಗೆ ಅದ್ದಿದಳು, ಜೊತೆಗೆಲಸದ ನಾಲ್ವರು ಹೆಂಗಸರ ಕೈ ಒರೆಸಿದಳು, ನಗುತ್ತಾ ಚಾಚಿದ ಕೆಮಿಸ್ಟನ ಕೈಯನ್ನೂ ಬಿಡಲಿಲ್ಲ. ಎರಡು ದಿನಕ್ಕೆ ಆರೂ ಟ್ಯೂಬು ಹಳದಿ. ಗುಳ್ಳೆ ನಿಂತದ್ದು ರಬ್ಬರಿನದರಲ್ಲಿ ಮಾತ್ರ. ವಾರಗಿತ್ತಿಯ ಹಳೆಯ ಟ್ಯೂಬು ತೊಳೆಯದೆ ಇಟ್ಟಿದ್ದಳು, ಅದರಲ್ಲೂ ಗುಳ್ಳೆಯಿರಲಿಲ್ಲ.

ಈಗ ಮ್ಯಾನೇಜರ್ ಟ್ಯೂಬುಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದ. ರಬ್ಬರ್ ಬದಲಾಯಿಸುವುದಾಗಿಯೂ ವಾರಗಿತ್ತಿ ನಾಳೆಯಿಂದ ಕೆಲಸಕ್ಕೆ ಬರಬಹುದೆಂದೂ ಹೇಳಿದ.

"ಚೀಟಿ?"

"ಇರಲಿ ಬಿಡಮ್ಮ. ಉಳಿದವರಿಗೂ ಭಯ ಇರುತ್ತೆ."

"ಹಾಗಾದ್ರೆ ಹಳದಿ ಬಂದ ಎಲ್ಲರನ್ನೂ ಬರೆಸಿ. ಕೆಮಿಸ್ಟ್ ಸಾಹೇಬ್ರು ಮೊದಲು."

ಅವನು ಫೋನು ಎತ್ತಿಕೊಂಡು, ಇನ್ನು ಹೋಗು ಎಂಬಂತೆ ಬಾಗಿಲ ಕಡೆ ಕೈ ತೋರಿಸಿದ.

ಗಾಜಕ್ಕ ತೊಟ್ಟಿಯ ಬಳಿಗೆ ಹೋದಳು. ಹಳೆಯ ಬಾಟಲಿಯ ಲೇಬಲ್ಲಿಗೆ ಹಾಕುವಂತೆಯೇ ಚೀಟಿಗೆ ಬಿಸಿನೀರು ಹಾಕಿ, ನೆನೆಯುವವರೆಗೆ ಕಾದು, ಬ್ರಷ್ಷಿನಲ್ಲಿ ಉಜ್ಜಿ ತೆಗೆದಳು. ಹೆಂಗಸರು ನೋಡುತ್ತಾ ನಿಂತರು. ಯಾರೂ ತಡೆಯಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ. ಕೋಣೆಗೆ ಬಂದು ಟ್ಯೂಬುಗಳನ್ನು ಕುದಿಸಿದಳು, ನೀರು ಚೆಲ್ಲಿದಳು, ಚಿಕ್ಕವನ್ನು ಬೇರೆ ಬಟ್ಟಲಿಗೆ ಹಾಕಿದಳು. ಆಮೇಲೆ ದೊಡ್ಡವನ್ನು ಒಂದೊಂದಾಗಿ ಗರಗರ ಉಜ್ಜಿ ತೊಳೆದು, ಸ್ಟ್ಯಾಂಡಿನಲ್ಲಿ ಬೋರಲು ಹಾಕತೊಡಗಿದಳು.