ಸಂಗಮ್ಮನ ಕುರಿ ನೋಡಲು ಹೋದಾಗ

ಗೆಳೆಯರೇ, ಇವತ್ತು ಮಧ್ಯಾಹ್ನ ಮಂಠಾಳದ ಹತ್ತಿರ ಒಂದು ಹೊಲದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಸುತ್ತ ನಾಲ್ಕು ನಾಯಿಗಳು ಹಲ್ಲು ತೋರಿಸಿ ಗುರುಗುಟ್ಟುತ್ತಿದ್ದವು. ಯೋಜನೆಯೊಂದರಲ್ಲಿ ಕುರಿಗಾರರಿಗೆ ಕೊಟ್ಟ ಕುರಿಗಳು ಹೇಗಿವೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಕುರಿ ಪಡೆದಿದ್ದ ಸಂಗಮ್ಮ ಹತ್ತು ಹೆಜ್ಜೆ ದೂರದಲ್ಲಿ ಕೋಲು ಹಿಡಿದು ನಿಂತಿದ್ದರು.

"ಅಕ್ಕಾ, ನಾಯಿ ಕರೀರಿ!" ಎಂದೆ.

"ಮೊದ್ಲ ಹೇಳ್ರಿ ಸಾಹೇಬ್ರ, ಕುರಿ ವಾಪಸ್ ಒಯ್ಯಾಕ ಬಂದೀರೇನು?"

"ಇಲ್ಲಕ್ಕ, ಬರೇ ನೋಡಾಕ ಬಂದೀನಿ."

"ಐದರಾಗ ಎರಡು ಸತ್ತಾವ್ರಿ. ಅದು ಗೊತ್ತಾದ್ರ ಉಳಿದದ್ದೂ ಒಯ್ತಾರಂತ ಊರಾಗ ಹೇಳಾಕತ್ತಾರ."

ಹೇಳುತ್ತಲೇ ಅವರು ಹಿಂದಿದ್ದ ಕುರಿಗಳಿಗೆ ಅಡ್ಡವಾಗಿ ನಿಂತರು. ನನಗಿಂತ ಅವರೇ ಹೆಚ್ಚು ಹೆದರಿದ್ದಾರೆ ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಒಂದು ನಾಯಿ ನನ್ನ ಮೊಣಕಾಲು ಮೂಸಿತು.

"ಯಾರೂ ಒಯ್ಯಂಗಿಲ್ಲಕ್ಕ!"

"ಹಂಗಂತ ಕಾಗದದ ಮ್ಯಾಲ ಬರ್ದು ಸಹಿ ಮಾಡಿ ಕೊಡ್ರಿ."

ನಿಂತಲ್ಲೇ ಬರೆದುಕೊಟ್ಟೆ. ಅಕ್ಷರಗಳೆಲ್ಲ ಸೊಟ್ಟಗಾದವು. ಅವರು ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡ ಮೇಲೆಯೇ ನಾಯಿಗಳನ್ನು ಕರೆದರು. ಆಮೇಲೆ ಉಳಿದ ಮೂರು ಕುರಿಗಳನ್ನೂ ಮೈ ಸವರುತ್ತ ತೋರಿಸಿದರು. ಒಂದು ಗಬ್ಬವಾಗಿತ್ತು.

ಈಗ ಹುಮನಾಬಾದಿನ ಬಸ್ಸಿನಲ್ಲಿದ್ದೇನೆ. ಹಾಗೆ ಬರೆದುಕೊಡುವ ಅಧಿಕಾರ ನನಗಿಲ್ಲ ಎಂಬುದು ಟಿಕೆಟ್ ತೆಗೆದುಕೊಳ್ಳುವಾಗ ನೆನಪಾಯಿತು. ನಾಳೆ ಬೆಳಿಗ್ಗೆ ನಮ್ಮ ಮೇಲಧಿಕಾರಿಯ ಮುಂದೆ ನಿಲ್ಲಬೇಕು. ನಾಯಿಗಳನ್ನು ಕರೆಯಲು ಸಂಗಮ್ಮನಾದರೂ ಇದ್ದರು; ಈ ಸಾಹೇಬರನ್ನು ಹಿಂದಕ್ಕೆ ಕರೆಯುವವರು ಯಾರೂ ಇಲ್ಲ.