ನನ್ನನ್ನು ಕೇಳಿದ್ದಕ್ಕೆ ನಾನೇ ಹೇಳುತ್ತೇನೆ

ಶುಕ್ರವಾರ ರಜೆಯಾದ್ದರಿಂದ ಕತಾರಿನ ಅಲ್ ವಕ್ರಾದ ನಮ್ಮ ಫ್ಲಾಟಿಗೆ ಚಹಾದ ಹೊತ್ತಿಗೆ ಊರಿನವರು ಯಾರಾದರೂ ಬಂದೇ ಬರುತ್ತಾರೆ, ಬಂದವರು ಚಹಾದ ಟ್ರೇ ನನ್ನ ಮೂಗಿನ ಮುಂದಿರುವಾಗಲೇ ಸೊಸೆ ವೀಣಾಳ ಕಡೆ ತಿರುಗಿ, "ಅಮ್ಮನಿಗೆ ಸಕ್ಕರೆ ಆಗ್ತದಾ?" ಎಂದು ಕೇಳುತ್ತಾರೆ. ಅಮ್ಮ ಅಲ್ಲೇ ಕೂತಿದ್ದಾಳೆ. ಕಿವಿ ನೆಟ್ಟಗಿದೆ, ನಾಲಿಗೆಯಂತೂ ಬೇಕಾದ್ದಕ್ಕಿಂತ ಹೆಚ್ಚೇ ನೆಟ್ಟಗಿದೆ. ಆದರೂ ನನ್ನ ಚಹಾದ ಸಕ್ಕರೆ ಮಿಕ್ಕವರ ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ.

ಮೈ ಉರಿಸುವ ಸಂಗತಿಗಳು ನಿಮಗೂ ಇದ್ದಾವು. "ಊಟ ಆಯ್ತಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಫೋನು ನೋಡುವವರು, ಮೆಟ್ರೋದಲ್ಲಿ ಫೋನನ್ನು ರೊಟ್ಟಿಯ ಹಾಗೆ ಬಾಯಿಯೆದುರು ಹಿಡಿದು ಮನೆಜಗಳವನ್ನು ಇಡೀ ಬೋಗಿಗೆ ಹಂಚುವವರು, ಕೆಲಸಕ್ಕೆ ಕೈಯೇ ಹಚ್ಚದೆ "ಖಲಾಸ್ ಅಮ್ಮಾ, ಆಯ್ತು" ಎನ್ನುವ ನನ್ನ ಮಗ. ಇವರನ್ನೆಲ್ಲ ಸಹಿಸಿಯೇನು. ಒಬ್ಬರನ್ನು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವುದನ್ನು ಮಾತ್ರ ಸಹಿಸಲಾರೆ. ಕ್ಲಿನಿಕ್ಕಿನಲ್ಲಿ ಡಾಕ್ಟರು ನೋವು ಎಲ್ಲಿ ಎಂದು ಕೇಳಿದರೆ ಮಗ ಮೊಣಕಾಲು ಎಂದ. ನೋವಿದ್ದದ್ದು ಸೊಂಟದಲ್ಲಿ. ಮೊಣಕಾಲಿಗೆ ಮುಲಾಮು ಸಿಕ್ಕಿತು.

ಇಷ್ಟು ಜಂಬದಿಂದ ದೂರುತ್ತಿದ್ದವಳ ಬಾಯಿ ಮುಚ್ಚಿಸಿದ್ದು ನನ್ನ ಮೊಮ್ಮಗಳು ಶ್ರಾವ್ಯ. ಅವಳಿಗೆ ಎಂಟು ವರ್ಷ, ಶಾಲೆಯೆಲ್ಲ ಇಂಗ್ಲಿಷು. ಚಿಕ್ಕವಳಿದ್ದಾಗ ನನ್ನ ಹತ್ತಿರ ಪಟಪಟನೆ ಕನ್ನಡದಲ್ಲಿ ಹರಟುತ್ತಿದ್ದ ಹುಡುಗಿ ಈಚೆಗೆ ತಲೆಯಾಡಿಸುವುದರಲ್ಲೇ ಎಲ್ಲ ಮುಗಿಸುತ್ತಿದ್ದಳು. ಶಾಲೆಯದ್ದೇ ತಪ್ಪು ಎಂದು ನಾನು ಬೈದುಕೊಂಡಿದ್ದೆ.

ಒಂದು ಶುಕ್ರವಾರ ಪಕ್ಕದ ಕಟ್ಟಡದ ಜಯಂತಿ, "ನಿಂಗೆ ಎಂತ ತಿಂಡಿ ಇಷ್ಟ, ಪುಟ್ಟೀ?" ಎಂದು ಕೇಳಿದಳು.

"ಅವಳಿಗೆ ನೀರುದೋಸೆ," ಎಂದೆ ನಾನು.

"ನಂಗೆ ನೀರುದೋಸೆ ಇಷ್ಟ ಇಲ್ಲ," ಎಂದು ಹೇಳಿ ಹುಡುಗಿ ಕೋಣೆಗೆ ಹೋಗಿಬಿಟ್ಟಳು.

ವಾರವಾರವೂ ಅಕ್ಕಿ ಕಡೆದು ಹುಯ್ಯುತ್ತಿದ್ದವಳು ನಾನು! ಜಯಂತಿ ಹೋದ ಮೇಲೆ ವೀಣಾ ಮೆಲ್ಲನೆ ಅಂದಳು: "ಅತ್ತೆ, ಅವಳು ಒಂದು ಶಬ್ದ ಹುಡುಕುವಷ್ಟರಲ್ಲಿ ನೀವೇ ಹೇಳಿ ಆಗಿರ್ತದೆ. ಮತ್ತೆ ಅವಳು ಯಾಕೆ ಹುಡುಕುದು?"

ಸಿಟ್ಟು ಬಂತು, ಸರಿಯಾದ ಮಾತಿಗೆ ನನಗೆ ಮೊದಲು ಬರುವುದು ಅದೇ. ಆಮೇಲೆ ಯೋಚಿಸಿದೆ. ನನಗೆ ಇಂಗ್ಲಿಷು ಬಾರದು, ಈ ವಯಸ್ಸಿಗೆ ಇನ್ನು ಬರುವುದೂ ಇಲ್ಲ. ಅವಳ ಕನ್ನಡ ನಿಂತುಹೋದರೆ ಒಂದೇ ಮನೆಯಲ್ಲಿ ನಾವಿಬ್ಬರೂ ಮೂಕರೇ. ಹಾಗೆ ಮಾಡುತ್ತಿದ್ದವಳು ಶಾಲೆಯ ಟೀಚರಲ್ಲ, ನಾನು.

ಮುಂದಿನ ವಾರ ಬಂದ ಜಯಂತಿಗೆ, ಅದನ್ನೇ ಇನ್ನೊಮ್ಮೆ ಕೇಳು ಎಂದು ಬಾಗಿಲಲ್ಲೇ ಹೇಳಿಕೊಟ್ಟೆ. ಅವಳು ಕೇಳಿದಳು. ಹುಡುಗಿ ನನ್ನ ಮುಖ ನೋಡಿದಳು, ಫ್ಯಾನು ನೋಡಿದಳು, ಚಪ್ಪಲಿ ನೋಡಿದಳು. ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ನನಗೆ ನೆನಪಿರುವಂತೆ ಅದೇ ಮೊದಲು.

"ನಂಗೆ... ಬಂಗುಡೆ ಸಾರು," ಎಂದಳು ಕೊನೆಗೆ. "ಅಜ್ಜಿ ಮಾಡ್ತಾರಲ್ಲ, ಅದು. ಆದ್ರೆ ಮೀನಿನ ಮುಳ್ಳು ಎಲ್ಲ ಅಜ್ಜಿಯೇ ತೆಗೀತಾರೆ. ನಂಗೆ ತೆಗೀಲಿಕ್ಕೆ ಬರ್ತದೆ."

ಜಯಂತಿ ನಕ್ಕಳು. ನಾನು ನಗಲಿಲ್ಲ. ಮರುದಿನ ಮಧ್ಯಾಹ್ನ ಒಂದು ಇಡೀ ಬಂಗುಡೆಯನ್ನು ಅವಳ ತಟ್ಟೆಗೆ ಹಾಕಿ, ನನ್ನ ಎರಡೂ ಕೈಗಳನ್ನು ತೊಡೆಯ ಅಡಿಗೆ ಸಿಕ್ಕಿಸಿಕೊಂಡು ಎದುರಿಗೆ ಕೂತೆ.