ಕ್ಯಾಮೆರಾಗೆ ಅಡ್ಡ ಬಂದ ಸೆರಗು

ಬೂದಿಗೆರೆ ಕೆರೆಯ ಏರಿಯ ಮೇಲೆ ಅತ್ತೆಯ ಜೊತೆ ಕೂತಿರುತ್ತಿದ್ದ ಭಾನುವಾರಗಳನ್ನು ಈಗ ಮತ್ತೆ ಮತ್ತೆ ನೆನೆಯುತ್ತೇನೆ. ಅತ್ತೆ ಈಗಿಲ್ಲ. ಆಗ ಮಾತ್ರ, ಇವರು ಯಾವಾಗ ಬಾಯಿ ಮುಚ್ಚುತ್ತಾರೋ ಎಂದು ಕಾಯುತ್ತಿದ್ದವಳು ನಾನೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ತಡವಾಗಿ ಹತ್ತಿತು. ಹೆಂಗಸು ಒಬ್ಬಳೇ ಕೆರೆ ಹತ್ತಿರ ಕೂತರೆ ಜನ ಏನಂದುಕೊಂಡಾರು ಎಂದು ಅತ್ತೆಯೂ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಆ ಬೇಸಿಗೆಯಲ್ಲಿ ನೀರು ಇಳಿದು ಕೆರೆಯ ನಡುವೆ ಒಂದು ದಿಬ್ಬ ಎದ್ದಿತ್ತು. ಅದರ ಮೇಲೆ ರೀವ ಎಂಬ, ಮೀನು ಹಿಡಿಯುವ ಹಕ್ಕಿಗಳ ಜೋಡಿಯೊಂದು ಬರೀ ನೆಲದಲ್ಲೇ ಗೂಡು ಮಾಡಿತ್ತು. ಕಪ್ಪು ನೆತ್ತಿ, ಹಳದಿ ಕೊಕ್ಕು. ಇವು ಕಡಲ ಹಕ್ಕಿಗಳ ಬಳಗದವು ಎಂದು ನಾನು ವಿವರಿಸಿದರೆ, "ಸಮುದ್ರ ಬಿಟ್ಟು ಈ ಕೆರೆಗೆ ಯಾಕ್ ಬಂತಂತೆ? ಇಲ್ಲೇನು ಗಂಡನ ಮನೆನಾ?" ಎಂದು ಅತ್ತೆ ನಗುತ್ತಿದ್ದರು.

ಗೂಡಿನಲ್ಲಿ ಉಳಿದಿದ್ದುದು ಒಂದೇ ಮರಿ. ತಾಯಿಯ ಕೊಕ್ಕಿನಿಂದ ಮೀನು ಮರಿಯ ಬಾಯಿಗೆ ದಾಟುವ ಆ ಕ್ಷಣ ನನಗೆ ಬೇಕಿತ್ತು. ಎರಡು ಭಾನುವಾರಗಳು ಹೋದವು. ಒಂದು ಫೋಟೋದಲ್ಲಿ ಮೀನು ಇನ್ನೂ ದೂರವಿದೆ, ಇನ್ನೊಂದರಲ್ಲಿ ಮರಿಯ ಬಾಯಿಂದಾಚೆ ಬಾಲವಷ್ಟೇ ಉಳಿದಿದೆ. ಮೂರನೆಯ ಭಾನುವಾರ ಬೆಳಕು, ಗಾಳಿ ಎಲ್ಲ ಕೂಡಿಬಂತು. ತಾಯಿ ಮೀನು ಹಿಡಿದು ಇಳಿಯಿತು, ಮರಿ ಬಾಯಿ ತೆರೆಯಿತು, ನಾನು ಗುಂಡಿ ಒತ್ತಿದೆ. ಕಂಡದ್ದು ಬರೀ ಹಸಿರು. ಅತ್ತೆ ಲೆನ್ಸಿಗೆ ತಮ್ಮ ಸೆರಗು ಅಡ್ಡ ಹಿಡಿದಿದ್ದರು.

"ಉಣ್ಣೋ ಮಗೂನ ಹಂಗೆ ನೆಟ್ಟ ಕಣ್ಣಲ್ಲಿ ನೋಡ್ಬಾರ್ದು ಕಣಮ್ಮ. ದೃಷ್ಟಿ ತಾಕ್ಬಿಡುತ್ತೆ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಅದು ಹಕ್ಕಿ ಅತ್ತೆ! ಇನ್ಮೇಲೆ ನೀವು ಬರ್ಲೇಬೇಡಿ" ಎಂದು ಕೂಗಿಬಿಟ್ಟೆ.

ಅತ್ತೆ ಸೆರಗನ್ನು ಹೆಗಲಿಗೆ ಎಳೆದುಕೊಂಡರು. ನೀರಿನ ಕಡೆಯೇ ನೋಡುತ್ತಾ ಹೇಳಿದರು. "ನನ್ನ ಮೊದಲ್ನೇ ಮಗಳ್ನ ಜಗಲಿ ಮೇಲೆ ಕೂರಿಸ್ಕೊಂಡು ಉಣ್ಣಿಸ್ತಿದ್ದೆ. ಹೋಗೋರು ಬರೋರು ಎಲ್ಲಾ ನೋಡ್ತಿದ್ರು. ಸಾಯಂಕಾಲಕ್ಕೆ ವಾಂತಿ ಭೇದಿ ಶುರುವಾಯ್ತು. ಮೂರೇ ದಿನ. ಬೀದೀಲಿ ಕೂತು ತಿನ್ನಿಸಿ ಕೊಂದ್ಲು ಅಂದ್ರು ನಮ್ಮತ್ತೆ."

ನನ್ನ ಗಂಡನಿಗೆ ಒಬ್ಬ ಅಕ್ಕ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದ್ದೆವು. ನಾಚಿಕೆಯಾಯಿತು.

ಮುಂದಿನ ಭಾನುವಾರ ನಾನೇ ಅವರನ್ನು ಕರೆದೆ. ಬಂದು, ಕೆರೆಗೆ ಬೆನ್ನು ಹಾಕಿ ಕೂತರು. "ನೀನು ತೆಕ್ಕೋ. ನಾನು ನೋಡಲ್ಲ." ಆ ದಿನ ಫೋಟೋ ಸಿಕ್ಕಿತು. ಸಂಭ್ರಮದಿಂದ ತೋರಿಸಲು ಹೋದರೆ ಮುಖ ತಿರುಗಿಸಿ, "ಮೊದ್ಲು ಅದು ಹಾರ್ಲಿ" ಎಂದರು.

ವಾರವಿಡೀ ಅವರಿಗೆ ಅದೇ ಚಿಂತೆ. ನಾಯಿ ಈಜಿಕೊಂಡು ದಿಬ್ಬಕ್ಕೆ ಹೋದರೆ? ಮಳೆ ಬಂದು ದಿಬ್ಬವೇ ಮುಳುಗಿದರೆ? ನನಗೂ ಭಯ ಹತ್ತಿತು. ಆ ಮರಿಗೆ ಏನಾದರೂ ಆದರೆ ಯಾವ ಮುಖ ಇಟ್ಟುಕೊಂಡು ಅತ್ತೆಯ ಎದುರು ನಿಲ್ಲಲಿ?

ಮರು ಭಾನುವಾರ ನಮ್ಮ ಕಣ್ಣೆದುರೇ ಮರಿ ಹಾರಿತು. ಇನ್ನೇನು ನೀರಿಗೆ ಬಿತ್ತು ಎನ್ನುವಷ್ಟರಲ್ಲಿ ಮತ್ತೆ ಮೇಲೆದ್ದಿತು. ಅತ್ತೆ ಎದ್ದು ನಿಂತು ನೋಡಿದರು. ಆಮೇಲೆ ಕೈ ಚಾಚಿ, "ಈಗ ತೋರ್ಸು" ಎಂದರು.

ಕ್ಯಾಮೆರಾದ ಪುಟ್ಟ ಪರದೆಗೆ ಅಂಗೈ ನೆರಳು ಹಿಡಿದು ತುಂಬಾ ಹೊತ್ತು ನೋಡಿದರು.

"ನಾನು ಉಣ್ಣಿಸ್ತಿದ್ದದ್ದೂ ಹಿಂಗೇ ಕಣಮ್ಮ. ತಪ್ಪೇನೂ ಮಾಡಿರ್ಲಿಲ್ಲ, ಅಲ್ವಾ?"

"ಇಲ್ಲ ಅತ್ತೆ. ಅದು ಕೆಟ್ಟ ನೀರಿಂದ ಬರೋ ಕಾಯ್ಲೆ. ನಿಮ್ಮದೇನೂ ತಪ್ಪಿರ್ಲಿಲ್ಲ" ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಐವತ್ತು ವರ್ಷ ಆಯ್ತು. ಒಬ್ರೂ ಹೇಳ್ಲಿಲ್ವಲ್ಲ ಕಣಮ್ಮ."